ಪಾವಲಿ ಹಿಡಿಯುವ ಸಂದು

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ, ಖಾಜಾ ಮೇಸ್ತ್ರಿಯ ಶೆಡ್ಡಿಗೆ
ಅದು ಬಂದದ್ದು ಲಾರಿಯ ಬೆನ್ನೇರಿ:
ಸ್ಟ್ಯಾಂಡರ್ಡ್ ಹೆರಾಲ್ಡ್, ಬಟ್ಟೆ ಟಾಪಿನದು.
ಹಿಂದಿನ ಸೀಟಿನ ಹೊಟ್ಟೆಯಲ್ಲಿ ಇಲಿ ಹೆತ್ತ ಗೂಡು,
ಸ್ಟೀರಿಂಗಿಗೆ ಯಾರೋ ಎಂದೋ ಕಟ್ಟಿದ ನಿಂಬೆಹಣ್ಣಿನ ದಾರ.
ಅದರ ಹಿಂದೆಯೇ, ಟೆಂಪೋದಲ್ಲಿ ಗೋಣಿ ಹೊದ್ದು,
ಕಾಂಟೆಸ್ಸಾದಿಂದ ಬಿಚ್ಚಿದ ಎಂಜಿನ್ನು.

"ಇದನ್ನ ಅದಕ್ಕೆ ಕೂರಿಸಿ" ಅಂದರು
ಅಕ್ಕಿಗಿರಣಿಯ ಯಶೋಧರ ಜೈನರು.
"ಮೂವತ್ತು ಚಿಲ್ಲರೆ ಕುದುರೆ ಯಾವ ಮೂಲೆಗೆ, ಮೇಸ್ತ್ರಿ?
ಘಾಟಿ ಹತ್ತುವಾಗ ಹಾಲಿನ ವ್ಯಾನೂ
ಹಾರ್ನ್ ಹೊಡೆದು ಮುಂದೆ ಹೋಗ್ತಿತ್ತು."

ಮೇಸ್ತ್ರಿ ಮಾತಾಡಲಿಲ್ಲ. ಜೇಬಿನಿಂದ ಒಂದು ಪಾವಲಿ ತೆಗೆದು
ಮುಚ್ಚಿದ ಬಾಗಿಲಿನ ಮೇಲಂಚಿನ ಸಂದಿಗೆ ಇಟ್ಟ.
ಸಲೀಸಾಗಿ ಜಾರಿತು, ಸಲೀಸಾಗಿ ಬಂತು.
"ಈಗ ಒಳಗೆ ಕೂತ್ಕೊಳಿ."
ಜೈನರು ಕೂತರು. ಪಾವಲಿ ಸಿಕ್ಕಿಕೊಂಡಿತು.
ಉಗುರಿಗೆ ಬರಲಿಲ್ಲ, ಸ್ಕ್ರೂಡ್ರೈವರಿಗೂ ಬರಲಿಲ್ಲ.
"ನೋಡಿ, ನಿಮ್ಮೊಬ್ಬರ ಭಾರಕ್ಕೇ ನಡು ಬಗ್ಗಿತು.
ಮುಚ್ಚಿದ ಗಾಡಿಗೆ ಮೇಲಿನ ತಗಡೂ ಒಂದು ಕೈ ಕೊಡ್ತದೆ.
ತಲೆ ತೆರೆದದ್ದಕ್ಕೆ ಯಾರಿದ್ದಾರೆ?
ಎಲ್ಲ ಹೊರೋದು ಕೆಳಗಿನ ಎರಡು ಪಟ್ಟಿ."

ಸೆಲ್ವರಾಜಣ್ಣ, ನಮ್ಮ ವೆಲ್ಡರು,
ಭದ್ರಾವತಿಯ ಕುಲುಮೆ ಎದುರು ಇಪ್ಪತ್ತೇಳು ವರ್ಷ ಕಳೆದವನು,
ಅಂಗಾತ ಮಲಗಿ ಚಾಸಿಸ್ಸಿಗೆ ಸುತ್ತಿಗೆಯಿಂದ ತಟ್ಟುತ್ತ ಹೋದ.
ಠಣ್. ಠಣ್. ಠಣ್.
ಥಪ್.
"ಇಲ್ಲಿ ಉಸಿರಿಲ್ಲ" ಅಂದ. ಬೂದಿಯಂಥ ತುಕ್ಕು ಅವನ ಎದೆಯ ಮೇಲೆ ಸುರಿಯಿತು.

"ದುಡ್ಡು ನನ್ನದು" ಅಂದರು ಜೈನರು.
ದುಡ್ಡು ಅವರದೇ.

ಕೂರಿಸಿದೆವು. ಉಸಿರಿಲ್ಲದ ಕಡೆ ತೇಪೆ, ಫೈರ್‌ವಾಲಿಗೆ ಕತ್ತರಿ,
ಪ್ರೊಪೆಲ್ಲರ್ ಶಾಫ್ಟಿಗೆ ಲೇತಿನಲ್ಲಿ ಹೊಸ ಅಳತೆ.
ನನಗಾಗ ಹತ್ತೊಂಬತ್ತು; ಅಳತೆ ಬರೆದದ್ದು ನಾನೇ,
ಬೀಡಿ ಕಟ್ಟಿನ ಕಾಗದದ ಮೇಲೆ.

ತೀರ್ಥಹಳ್ಳಿ ರಸ್ತೆ. ಟಾಪು ಮಡಚಿತ್ತು.
ಮಂಡಗದ್ದೆ ಬಳಿ ಒಂದು ತಿರುವು,
ಹೋಗುವಾಗಲೋ ಬರುವಾಗಲೋ ಈಗ ನೆನಪಿಲ್ಲ,
ಮೂರನೇ ಗೇರಿನಲ್ಲಿ ಜೈನರು ಕಾಲು ಒತ್ತಿದರು.
ಮೂತಿ ಒಂದು ಕಡೆ ಹೊರಳಿತು, ಬಾಲ ಇನ್ನೊಂದು ಕಡೆ,
ಹಿಂಡಿದ ಬಟ್ಟೆಯ ಹಾಗೆ.
ನನ್ನ ಬಾಗಿಲು ತಾನಾಗಿ ತೆರೆದುಕೊಂಡಿತು.
ಮೊಣಕಾಲಿನ ಪಕ್ಕದಲ್ಲೇ ತುಂಗೆ,
ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ,
ಒಂದೂ ಹಾರಲಿಲ್ಲ.

ಚಹಾದಂಗಡಿಯಲ್ಲಿ ಯಾರೂ ಮಾತಾಡಲಿಲ್ಲ.
ಮೇಸ್ತ್ರಿ ನನ್ನ ಬನ್ನಿಗೂ ಸೇರಿಸಿ ದುಡ್ಡು ಕೊಟ್ಟ.
ಆಮೇಲೆ, ಬಯ್ಯುವ ದನಿಯಲ್ಲಲ್ಲ,
"ಎಂಜಿನ್ನಿನದೇನೂ ತಪ್ಪಿಲ್ಲ ಸ್ವಾಮಿ" ಅಂದ.

ಹಳೆಯದಕ್ಕೇ ಬೋರು ಹೊಡೆಸಿ, ಹೊಸ ಪಿಸ್ಟನ್ನು ಹಾಕಿ,
ಬಾಗಿಲ ಕೆಳಗಿನ ಪೆಟ್ಟಿಗೆಯೊಳಗೆ ಸೆಲ್ವರಾಜಣ್ಣ
ಉದ್ದಕ್ಕೂ ಉಕ್ಕಿನ ಪಟ್ಟಿ ಬೆಸೆದ.
ಈಗ ಇಬ್ಬರು ಕೂತರೂ ಪಾವಲಿ ಬರುತ್ತದೆ.
ಹಾಲಿನ ವ್ಯಾನು ಈಗಲೂ ಮುಂದೆ ಹೋಗುತ್ತದೆ.
ಕಾಂಟೆಸ್ಸಾ ಎಂಜಿನ್ನನ್ನು ಗಿರಣಿಯ ಹಿತ್ತಲಲ್ಲಿ
ರೈಲು ಕಂಬಿಗೆ ಬೋಲ್ಟ್ ಮಾಡಿದ್ದಾರೆ.
ಆಯುಧಪೂಜೆಯ ದಿನ ಕುಂಕುಮ ಹಚ್ಚಿ, ಒಂದು ಗಳಿಗೆ ಚಾಲೂ ಮಾಡುತ್ತಾರೆ;
ಅಕ್ಕಿ ಮೂಟೆಗಳು ಸಣ್ಣಗೆ ನಡುಗುತ್ತವೆ.

ಆ ಪಾವಲಿ ಈಗ ನನ್ನ ಶೆಡ್ಡಿನಲ್ಲಿದೆ.
ಸರ್ಕಾರ ಅದನ್ನು ರದ್ದು ಮಾಡಿ ಎಷ್ಟೋ ಕಾಲವಾಯಿತು.
ದೊಡ್ಡ ಎಂಜಿನ್ನು ಹೊತ್ತು ಬರುವ ಹುಡುಗರಿಗೆ
ಮೊದಲು ಕೂತ್ಕೊಳಿ ಅನ್ನುತ್ತೇನೆ.

ಹಾಗನ್ನುವಾಗಲೇ, ಸುಳ್ಳೇಕೆ,
ಬಾಗಿಲು ತೆರೆಯುವ ಮುಂಚಿನ ಆ ಎರಡು ಸೆಕೆಂಡು,
ಬೆನ್ನು ಸೀಟಿಗೆ ಅಂಟಿದ್ದು,
ಬಾಯೊಳಗೆ ಗಾಳಿ ತುಂಬಿ ಹೆಸರೇ ಮರೆತದ್ದು,
ಆ ಎಳೆತ.
ಅದಕ್ಕೆ ಯಾವ ಪಟ್ಟಿ ಬೆಸೆದರೆ ಸಾಲುತ್ತಿತ್ತು ಅಂತ
ಈಗಲೂ ಒಂದೊಂದು ರಾತ್ರಿ ಲೆಕ್ಕ ಹಾಕುತ್ತೇನೆ.