ನೂರಿಪ್ಪತ್ತರ ಗಂಟೆ

ಇಲ್ಲಿನ ಕಾರುಗಳ ಹೊಟ್ಟೆಯಲ್ಲಿ ಒಂದು ಸಣ್ಣ ಗಂಟೆ.
ಮುಳ್ಳು ನೂರಿಪ್ಪತ್ತು ದಾಟಿದರೆ ಸಾಕು,
ಟಿಣ್ ಟಿಣ್ ಎಂದು ಗೊಣಗುತ್ತದೆ
ಪಕ್ಕದಲ್ಲಿ ಕೂತ ಸೋದರತ್ತೆಯ ಹಾಗೆ.
ಹದಿಮೂರು ವರ್ಷ ಅದರ ಮಾತು ಕೇಳಿದೆ,
ಏಸಿ ಹದಿನೆಂಟಕ್ಕಿಟ್ಟು,
ಗಾಜಿನಾಚೆ ಮಸ್ಕತ್ತಿನ ಬೆಟ್ಟಗಳು
ಯಾರದೋ ಮನೆಯ ಟೀವಿಯಂತೆ ಸರಿಯುತ್ತಿರಲು.

ನನ್ನ ಕಸುಬು ಜಜ್ಜಿದ್ದಕ್ಕೆ ಬೆಲೆ ಕಟ್ಟುವುದು.
ವಿಮಾ ಕಂಪನಿಯ ಸರ್ವೇಯರು.
ಘಾಲಾದ ಯಾರ್ಡಿನಲ್ಲಿ ಬಿಸಿಲಿಗೆ ಬಿದ್ದ
ಬಂಪರು, ರೇಡಿಯೇಟರು, ಮಡಚಿದ ಬಾನೆಟ್ಟು;
ನಾಲ್ಕು ಮೂಲೆಯಿಂದ ನಾಲ್ಕು ಫೋಟೋ, ಒಂದು ಸಹಿ.
ಬೈಕಾದರೆ ಕೆಲಸ ಬೇಗ ಮುಗಿಯುತ್ತದೆ,
ತೆಗೆಯಲು ಹೆಚ್ಚೇನೂ ಉಳಿದಿರುವುದಿಲ್ಲ.
ಒಮ್ಮೆ ಒಂದು ಕೈಗವಸು. ಒಳಗೆ ಇನ್ನೂ
ಬೆರಳುಗಳ ಆಕಾರವಿತ್ತು.

ಗೊತ್ತಿದ್ದೂ ಕೊಂಡೆ.

ವಾದಿ ಕಬೀರಿನಲ್ಲಿ ರೊಡೆಲ್‌ನ ಗ್ಯಾರೇಜು,
ಆರುನೂರು ಸೀಸಿ, ನೀಲಿ, ಸೆಕೆಂಡ್ ಹ್ಯಾಂಡು,
ಟ್ಯಾಂಕಿನ ಮೇಲೆ ಹಳೆಯ ಯಜಮಾನನ ಬೆಲ್ಟಿನ ಗೀರು.
ಕ್ಯಾಮ್ರಿ ಮಾರಿದ ರಿಯಾಲು ಎಣಿಸಿ ಕೊಟ್ಟಾಗ
"ವಯಸ್ಸೆಷ್ಟು ಸರ್?" ಎಂದ.
ನಲವತ್ತಾರು.
ಚೈನಿಗೆ ಎಣ್ಣೆ ಬಿಡುತ್ತ ಕೂತ, ಬೇರೇನೂ ಹೇಳಲಿಲ್ಲ.
ಮಂದಾಕಿನಿ ಹೆಲ್ಮೆಟ್ಟನ್ನು ಅಕ್ಕಿಡಬ್ಬದ ಮೇಲಿಂದ ಕೆಳಗಿಳಿಸಿ
ಕೈ ತೊಳೆದುಕೊಂಡಳು.

ಕಲಿಸಿದವನು ಹಿಲಾಲ್. ಗಡ್ಡ ನೆರೆತಿದೆ,
ಒಂದು ಮಂಡಿಯಲ್ಲಿ ಸ್ಟೀಲು.
ಎಡಕ್ಕೆ ತಿರುಗಬೇಕೆ? ಎಡಗೈಯನ್ನೇ ಮುಂದಕ್ಕೆ ದೂಡು.
ಬೀಳುವವನ ಹಾಗೆ ವಾಲು, ಬೀಳುವುದಿಲ್ಲ.
ನೋಟ ಎಲ್ಲೋ ಗಾಡಿ ಅಲ್ಲೇ:
ಗುಂಡಿ ನೋಡಿದೆಯೋ, ಗುಂಡಿಗೇ.
ಸ್ಟೀರಿಂಗು ಕಲಿಸಿದ್ದನ್ನೆಲ್ಲ ಕೈಗಳು
ಒಂದೊಂದಾಗಿ ಮರೆಯಬೇಕಿತ್ತು.

ಶುಕ್ರವಾರ, ಮೊದಲ ಬಾಂಗಿನ ಹೊತ್ತು.
ನೂರು ಸಲ ಓಡಾಡಿದ ರಸ್ತೆಗೆ
ಮೊದಲ ಸಲ ವಾಸನೆ ಬಂತು:
ರಾತ್ರಿಯಿಡೀ ಕಾವು ಉಗುಳಿದ ಕಲ್ಲು,
ಯಾರೋ ಹಾಕಿದ ಲೋಬಾನ, ಲಾರಿಯ ಸುಟ್ಟ ಬ್ರೇಕು.
ಸೇತುವೆಯ ಕೆಳಗೆ ಒಂದು ಬೊಗಸೆ ತಂಪು,
ದಾಟಿದರೆ ಮತ್ತೆ ಒಲೆಯ ಬಾಯಿ.
ಒಂಬತ್ತು ಸಾವಿರ ಸುತ್ತಿಗೆ ಇಂಜಿನ್ನು ದನಿ ಬದಲಿಸಿತು,
ಅಲ್ಲಿಯವರೆಗೆ ನನ್ನನ್ನು ಕೇಳುತ್ತಿತ್ತು, ಆಮೇಲಿಲ್ಲ.
ಗಾಳಿ ಎರಡೂ ಕೈ ಎದೆಗಿಟ್ಟು ತಳ್ಳಿತು, ಟ್ಯಾಂಕಿಗೆ ಅವುಚಿಕೊಂಡೆ.
ನೂರಿಪ್ಪತ್ತು. ನೂರನಲವತ್ತು.
ಗಂಟೆಗೆ ಕಾದೆ.
ಇದಕ್ಕೆ ಗಂಟೆಯೇ ಇಲ್ಲವೆಂದು ಹೊಳೆದು
ಹೆಲ್ಮೆಟ್ಟಿನೊಳಗೆ ನಕ್ಕೆ. ಗಾಜು ಮಬ್ಬಾಯಿತು.

ಮೂರನೇ ತಿಂಗಳು. ಹಿಂದಿನ ರಾತ್ರಿ ಧೂಳುಗಾಳಿ.
ಅಮೆರಾತಿನ ಏರಿನ ತಿರುವಿನಲ್ಲಿ
ಮಗು ಆಡಿ ಬಿಟ್ಟುಹೋದಷ್ಟು ಮರಳು.
ಕಂಡೆ.
ಕಂಡದ್ದರಿಂದ ಕಣ್ಣು ಕೀಳಲಾಗಲಿಲ್ಲ.
ಡಾಂಬರು ಅಷ್ಟು ಹತ್ತಿರದಿಂದ ಬೇರೆಯೇ,
ಜಲ್ಲಿ ಜಲ್ಲಿಗೂ ಒಂದೊಂದು ಮುಖ.
ನನ್ನನ್ನು ಬಿಟ್ಟ ಬೈಕು ಕಿಡಿ ಚೆಲ್ಲುತ್ತ
ಸಡಗರದಿಂದ ಇನ್ನಷ್ಟು ದೂರ ಹೋಯಿತು.
ಬಂಡೆಯ ಮೇಲೊಂದು ಆಡು ಮೇಯುವುದು ನಿಲ್ಲಿಸಿತು,
ನೋಡಿತು, ಮತ್ತೆ ಮೇಯಿತು.

ಬಲಗಡೆಯ ಕೊರಳೆಲುಬು, ಎರಡು ಪಕ್ಕೆಲುಬು.
ಆಸ್ಪತ್ರೆಯಲ್ಲಿ ಎಡಗೈಯಿಂದ ನನ್ನದೇ ಫಾರಂ ತುಂಬಿದೆ.
ಕಾರಣ: ಮರಳು.
ಹೊಡೆದುಹಾಕಿದೆ.
ಕಾರಣ: ನೋಟ.
ಅದಕ್ಕೆ ನಮ್ಮಲ್ಲಿ ಕೋಡ್ ನಂಬರಿಲ್ಲ.

ಕರೆದೊಯ್ಯಲು ಮಂದಾಕಿನಿ ಬಂದಳು, ತನ್ನ ಪುಟ್ಟ ಯಾರಿಸ್‌ನಲ್ಲಿ.
ಮಾತಿಲ್ಲ. ಬಲಭುಜಕ್ಕೆ ತಾಗದಂತೆ
ಕಂಕುಳಡಿಯಿಂದ ಬೆಲ್ಟು ಎಳೆದು ಹಾಕಿದಳು.
ಎಕ್ಸ್‌ಪ್ರೆಸ್‌ವೇ. ನೂರು. ನೂರಹತ್ತು.
ಟಿಣ್ ಟಿಣ್.
ಕಾಲು ತೆಗೆಯಲಿಲ್ಲ.
ಟಿಣ್ ಟಿಣ್ ಟಿಣ್, ಸೋದರತ್ತೆ ಬಾಯಿ ನೋಯುವಷ್ಟು ಬೈದಳು.
ಕಿಟಕಿಯನ್ನೂ ಇಳಿಸಿದಳು. ಜೂನಿನ ಗಾಳಿ ನುಗ್ಗಿ
ದುಪಟ್ಟಾ ಹಿಂದಿನ ಸೀಟಿಗೆ ಹಾರಿತು.
"ಇದೇನಾ?" ಎಂದಳು ನನ್ನ ಕಡೆ ತಿರುಗಿ.
ಪಕ್ಕೆ ಹಿಡಿದುಕೊಂಡು
"ಮುಂದೆ ನೋಡು" ಎಂದೆ.