ಮುಕ್ಕಾಲು

ಯಾರದೋ ದೇಶದಲ್ಲಿ ಯಾರದೋ ಗ್ಯಾರೇಜಿಗೆ ಬರೆದ ನಕ್ಷೆ.
ಹದಿನೇಳು ಹಾಳೆ. ಮೈಯೆಲ್ಲ ಇಂಚು,
ಬೋಲ್ಟು ಬೇರಿಂಗು ಮಾತ್ರ ಮಿಲ್ಲಿಮೀಟರು.
ಎಂಟಡಿ ಮೇಜು, ಮೇಲೊಂದು ಅಡ್ಡತೊಲೆ,
ತೊಲೆಯುದ್ದಕ್ಕೂ ಓಡಾಡುತ್ತ ಮರ ಕೆತ್ತುವ ಮೂತಿ.

ಉಪ್ಪಳದ ನನ್ನ ಅಂಗಡಿ ಹದಿನಾಲ್ಕಡಿ ಇತ್ತು. ಸಾಕಿತ್ತು.
ಆಮೇಲೆ ಹೆದ್ದಾರಿ ಅಗಲವಾಯಿತು.
ಹಳದಿ ಕಲ್ಲು ನೆಟ್ಟವರು ಐದಡಿ ಕೇಳಿದರು,
ಜೆಸಿಬಿ ಐದೇ ಅಡಿ ತಿಂದಿತು, ಮರ್ಯಾದೆಯಿಂದ.
ಪಕ್ಕದ ಗೋಡೆಗೆ ಬರೆಸಿದ್ದ 'ಮರದ ಕೆಲಸ'ದಲ್ಲಿ
ಮರ ರಸ್ತೆಗೆ ಹೋಯಿತು,
ಕೆಲಸ ಉಳಿಯಿತು.

ಹಾಗಾದರೆ ಮುಕ್ಕಾಲು ಮಾಡಿದರಾಯಿತು ಅಂದುಕೊಂಡೆ.
ಜೆರಾಕ್ಸಿನ ಹುಡುಗಿ ಎಪ್ಪತ್ತೈದು ಒತ್ತಿದಳು,
ಹಾಳೆಗಳು ಹಪ್ಪಳದ ಹಾಗೆ ಬಿಸಿಬಿಸಿ ಬಿದ್ದವು.
ಎಂಟಡಿ ಆರಾಯಿತು. ಖುಷಿ.
ರಾತ್ರಿ ಗುಣಿಸುತ್ತ ಕೂತೆ:
ಎಂಟರ ಬೋಲ್ಟಿಗೆ ಆರರ ತೂತು,
ಇಪ್ಪತ್ತೆರಡರ ಬೇರಿಂಗಿಗೆ ಹದಿನಾರೂವರೆಯ ಗೂಡು.
ಕುಂಬಳೆಯ ಅಂದುಂಞಿಯವರು ಡಬ್ಬಿ ಸುರಿದು ತೋರಿಸಿದರು:
"ಮುಕ್ಕಾಲು ಬೇರಿಂಗು ಎಲ್ಲಿಯೂ ಹುಟ್ಟುವುದಿಲ್ಲ ಆಚಾರಿ,
ನಿಮ್ಮ ಅಂಗಡಿ ಕಡಿದದ್ದು ಅದಕ್ಕೆ ಗೊತ್ತೇ ಇಲ್ಲ."

ಅಂದಿನಿಂದ ಎರಡು ಪಟ್ಟಿ.
ತೊಲೆ ಕುಗ್ಗುತ್ತದೆ, ಹಳಿ ಕುಗ್ಗುತ್ತದೆ,
ಬೆಲ್ಟು ಕತ್ತರಿ ಹೇಳಿದಷ್ಟು ಕೇಳುತ್ತದೆ.
ಮೋಟಾರಿನ ನಾಲ್ಕು ತೂತುಗಳ ನಡುವಿನ ದೂರ ಮಾತ್ರ
ಜಾತಕ; ತಿದ್ದಲಾಗದು.
ಹದಿಮೂರೂವರೆ ದಪ್ಪದ ಪ್ಲೈವುಡ್ ಕೇಳಿದರೆ
ಅಂಗಡಿಯವ ಕುರ್ಚಿ ಕೊಟ್ಟು ನೀರು ಕುಡಿಸುತ್ತಾನೆ.
ಪಾಲಿಟೆಕ್ನಿಕ್ಕಿನ ಅಳಿಯ ಶಬರೀಶ ಒಂದು ಸಮಾಧಾನ ಹೇಳಿದ:
"ಸರಳು ಅರ್ಧ ಗಿಡ್ಡವಾದರೆ ಬಾಗು ಅರ್ಧವಲ್ಲ ಮಾವ,
ಎಂಟರಲ್ಲೊಂದು."
ಗಿಡ್ಡವಾದದ್ದಕ್ಕೆ ಲಾಭವೂ ಉಂಟೆಂದು
ಪರಿಹಾರದ ಕಾಗದದಲ್ಲಿ ಯಾರೂ ಬರೆದಿರಲಿಲ್ಲ.

ಅಪ್ಪ ಅಳೆದದ್ದು ಕೋಲಿನಲ್ಲಿ. ಇಪ್ಪತ್ತನಾಲ್ಕು ಅಂಗುಲ,
ಇಂಚಿಗೂ ಸೇರದ ಮೀಟರಿಗೂ ಸೇರದ ಒಂಟಿ ಜೀವ.
ಆಯ ಕೆಟ್ಟರೆ ಅಂಗುಲ ಕೂಡಿಸುತ್ತಿದ್ದರು,
ಕಳೆದದ್ದನ್ನು ನಾನು ನೋಡಿಲ್ಲ.
ಆ ಕೋಲನ್ನು ಈಗ ಹಳಿಯ ಮೇಲೆ ನಿಲ್ಲಿಸಿ
ಅಡಿಯಲ್ಲಿ ಬೆಳಕು ನುಸುಳುತ್ತದೋ ಎಂದು ಕಣ್ಣಿಡುತ್ತೇನೆ.
ಒಂದು ಕಡೆ ನುಸುಳಿತು.
ಹಳಿ ನೇರ. ಕೋಲೇ ಸವೆದಿತ್ತು.

ಎಲ್ಲ ಕೂಡಿಬಂದ ಮೇಲೆ ನೆನಪಾಯಿತು
ಬಾಗಿಲು ಏಳಡಿ.
ಆರಡಿ ಮೇಜಿನ ಮೇಲೆ ಏಳಡಿ ಬಾಗಿಲು,
ತೊಟ್ಟಿಲಲ್ಲಿ ಮದುಮಗನ ಹಾಗೆ.
ಬಾಗಿಲನ್ನು ಮುಕ್ಕಾಲು ಮಾಡಿದರೆ
ತಲೆ ಬಗ್ಗಿಸುವವರು ಯಾರು?

ಮೂರು ರಾತ್ರಿ ಕಳೆದು ಹಿಂದಿನ ಗೋಡೆ ಕೊರೆದೆ,
ಅಂಚೆಪೆಟ್ಟಿಗೆಯ ಬಾಯಿಯಂಥ ಸಂದು.
ಆಚೆ ಬೀಫಾತಿಮ್ಮನ ಅಂಗಳ, ಬಂಗುಡೆ ಒಣಗುವ ಚಾಪೆ.
ಕೇಳಿಯೇ ಕೊರೆದದ್ದು. ಅವರದ್ದೂ ಅಳತೆಗಳಿದ್ದವು:
ಬಾಂಗಿನ ಹೊತ್ತು ಶಬ್ದ ಬೇಡ,
ಹೊಟ್ಟು ಮೀನಿಗೆ ಬೀಳಬಾರದು,
ಮಕ್ಕಳ ತಲೆಯ ಎತ್ತರಕ್ಕೆ ಹಲಗೆ ಚಾಚಬಾರದು.
ಸಂದಿಗೆ ಅವರೇ ಒಂದು ಹಳೇ ಲುಂಗಿ ಕಟ್ಟಿದರು.

ಪೈವಳಿಕೆಯ ಮನೆಗೆಂದು ಮೊದಲ ಬಾಗಿಲು.
ಅರ್ಧ ಕೆತ್ತಿ ಆಚೆ ತಳ್ಳಿದೆ.
ಲುಂಗಿ ಸರಿಸಿ ಬಳ್ಳಿ ಹೊರಗೆ ಹೋಯಿತು.
"ಹೂ ಅರ್ಧಕ್ಕೇ ನಿಂತಿದೆಯಲ್ಲ?" ಆಚೆಯ ದನಿ.
"ಉಳಿದದ್ದು ಇಲ್ಲಿದೆ, ಬರುತ್ತದೆ."
ಎರಡು ಅರ್ಧ ಸೇರಿದಲ್ಲಿ ಕೂದಲೆಳೆಯ ಏರುಪೇರು,
ಮೋಟಾರಿಗೆ ಕಾಣಿಸದ್ದು, ಬೆರಳಿಗೆ ತಾಗುವಂಥದ್ದು.
ಉಳಿ ತೆಗೆದೆ.

ಹದಿನೇಳನೆಯ ಹಾಳೆಯ ಮೂಲೆಯಲ್ಲಿ
ಯಂತ್ರದ ಒಟ್ಟು ಉದ್ದ ಹೊಡೆದುಹಾಕಿ
ಪೆನ್ಸಿಲಿನಲ್ಲಿ ಬರೆದಿದ್ದೇನೆ:
ಒಂಬತ್ತಡಿ.
ಜೊತೆಗೆ ಬೀಫಾತಿಮ್ಮನ ಅಂಗಳದಿಂದ ಮೂರಡಿ,
ಮಗ್ರಿಬಿನ ತನಕ.