ಹಲ್ಲು ತೋರಿಸುವ ಕೆಲಸ

ಊರಿನ ಹೆಸರೇ ಹಲ್.
ಇಂಗ್ಲೆಂಡಿನ ಪೂರ್ವದಂಚು, ಹಂಬರ್ ನದಿ
ಕೆಸರು ಬಣ್ಣದಲ್ಲೇ ಕಡಲು ಸೇರುವ ಜಾಗ.
ನಮಗೆ ನಗು ಬರುವುದು ಅವರಿಗೆ ತಿಳಿಯದು, ಪಾಪ.
ಬ್ರಯೋನಿಗೆ ತಿಳಿದು ಆಗಬೇಕಾದ್ದೂ ಏನಿಲ್ಲ.
ಒಂಬತ್ತರಿಂದ ಆರರ ತನಕ
ಅವಳು ತೋರಿಸಬೇಕಾದದ್ದು ಅದನ್ನೇ.

ಕ್ರಿಸ್‌ಮಸ್ ಕಳೆದು ಎರಡನೇ ದಿನ.
ವಾಪಸಾತಿ ಕೌಂಟರಿನ ಸಾಲು
ಟವೆಲುಗಳನ್ನು ದಾಟಿ, ಸೂಟ್‌ಕೇಸುಗಳನ್ನು ದಾಟಿ
ಎಸ್ಕಲೇಟರಿನ ಬುಡ ಮುಟ್ಟಿದೆ.
ಬೆನ್ನ ಹಿಂದೆ ಮ್ಯಾನೇಜರ್ ಅಂಟಿಸಿದ ಚೀಟಿ:
ನಗು ಕಾಣಲಿ. ಫೋನಿನಲ್ಲೂ.

ಮೊದಲನೆಯವನ ಕೈಲಿ ಕೆಟಲ್. ಬಳಸಿಯೇ ಇಲ್ಲವಂತೆ.
ಮುಚ್ಚಳ ತೆಗೆದರೆ ಒಳಗೆ ಗಡಸು ನೀರಿನ ಸುಣ್ಣ
ವರ್ಷದ ಸಂಸಾರ ಹೂಡಿಕೊಂಡು ಕೂತಿದೆ.
"ಹಾಗೇ ಬಂದದ್ದು," ಅಂದ.
ಸುಳ್ಳಿಗೂ ಒಂದು ಮಾನ ಬೇಡವೇನಪ್ಪ
ಎಂಬುದು ನಾಲಿಗೆಯ ತುದಿಗೆ ಬಂತು;
ಹಲ್ಲು ಬಾಗಿಲು ಹಾಕಿಕೊಂಡಿತು.

ಅರ್ಧ ಉರಿದ ಮೇಣದಬತ್ತಿ: ಪರಿಮಳ ಬರಲಿಲ್ಲ.
ಒಂಟಿ ಚಪ್ಪಲಿ: ಇನ್ನೊಂದು ನಾಯಿಯ ಹತ್ತಿರ ಇದೆ.
ಒಬ್ಬಾಕೆ ಹೂದಾನಿಯನ್ನು ಮೆಲ್ಲಗೆ ಮುಂದೆ ತಳ್ಳಿ,
"ವಾಪಸು ಬೇಡ, ನನ್ನ ನಾದಿನಿ
ಇದಕ್ಕೆ ಎಷ್ಟು ಕೊಟ್ಟಿದ್ದಾಳೆ, ಅಷ್ಟು ಹೇಳಿ ಸಾಕು."
ಹೇಳಲು ಬರುವುದಿಲ್ಲ ಮೇಡಂ.
ಕಿವಿಯ ಕೆಳಗೆ, ದವಡೆ ಕೂಡುವಲ್ಲಿ
ಸಣ್ಣಗೆ ನೋವು ಶುರುವಾಗುವ ಹೊತ್ತಿಗೆ
ಬಂದರು ಮಿಸೆಸ್ ಬೀಲ್ಬಿ.

ಇವರು ಕೂಗುವವರಲ್ಲ.
ಕೂಗಿದರೆ ಸೆಕ್ಯೂರಿಟಿಯ ಡೆಸ್ಮಂಡ್ ಇದ್ದಾನೆ.
ಇವರು ಕಾರ್ಡಿಗನ್ನನ್ನು ಮಗುವಿನಂತೆ ಮಲಗಿಸಿ,
ಕನ್ನಡಕ ಒರೆಸಿ, ಐದನೇ ಗುಂಡಿಯ ಮೇಲೆ ಬೆರಳಿಡುತ್ತಾರೆ.
ಉಳಿದ ನಾಲ್ಕರಷ್ಟು ಹೊಳೆಯುತ್ತಿಲ್ಲ.
ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.
ಟ್ಯೂಬ್‌ಲೈಟಿಗೆ ಹಿಡಿದು ನೋಡಿಸಿದರು.
ಹಿಂದೆ ಸಾಲು ನಿಟ್ಟುಸಿರಿಟ್ಟಿತು.
"ಹೋದ ಗುರುವಾರವೇ ಹೊಂದುವಂಥದ್ದು ತರಿಸಿ ಅಂತ
ನಾನು ಕೇಳಿದ್ದೆ. ಅಲ್ವಾ?"

ಆ 'ಅಲ್ವಾ' ಇದೆಯಲ್ಲ,
ಪಿಂಗಾಣಿಯ ಮೇಲೆ ಚಮಚ ಎಳೆದ ಹಾಗೆ.

ಕೇಳಿದ್ದಿರಿ, ಮಿಸೆಸ್ ಬೀಲ್ಬಿ. ಕ್ಷಮಿಸಿ.
ಮೇಲಿನ ಸಾಲು, ಕೆಳಗಿನ ಸಾಲು, ಎರಡೂ ತೋರಿಸಿ.

ಆರೂವರೆಗೆ ಬಸ್ ಸ್ಟಾಪಿನ ಪಕ್ಕದ ಅಂಗಡಿ.
ಆಲೂಗಡ್ಡೆ ಚಿಪ್ಸ್, ಬಿಸಿಬಿಸಿ, ಕಾಗದದಲ್ಲಿ ಸುತ್ತಿ.
ಬಿಚ್ಚಿದರೆ ಬರೀ ಉಪ್ಪು;
ಈ ಊರಿನವರು ಬಿಟ್ಟು ತಿನ್ನದ
ಆ ಕೆಂಪು ಮಸಾಲೆ ಇಲ್ಲ.
ಕೌಂಟರಿನ ಹುಡುಗಿಗೆ ಹದಿನೇಳಿರಬಹುದು,
ತೋಳಿನ ಮೇಲೆ ಎಣ್ಣೆ ಸಿಡಿದ ಎರಡು ಚುಕ್ಕೆ.
ತಿರುಗಿ ನಿಂತಳು, ನಕ್ಕಳು.
ಮುಂದಿನ ಎರಡು ಹಲ್ಲಿನ ನಡುವೆ ಸಂದು.
ಆ ನಗು ಎಲ್ಲಿಂದ ಎಳೆದು ತಂದದ್ದು,
ಎಷ್ಟು ಗಂಟೆ ಹಳೆಯದು,
ಬ್ರಯೋನಿಗೆ ದವಡೆಯಲ್ಲೇ ಗೊತ್ತಾಯಿತು.

ಇರಲಿ ಬಿಡಮ್ಮ ಅನ್ನಬಹುದಿತ್ತು.
ಹಸಿವು, ಕಾಲು ನೋವು, ಹೊರಗೆ ಹೊರಡಲು ನಿಂತ ಬಸ್ಸು.
"ಮಸಾಲೆ ಹಾಕು ಅಂತ," ಮೆಲ್ಲಗೆ ಅಂದಳು,
ಕೂಗದೆ, ಕಾಗದವನ್ನು ಬೆಳಕಿಗೆ ಚೂರು ಓರೆ ಹಿಡಿದು,
"ನಾನು ಕೇಳಿದ್ದೆ. ಅಲ್ವಾ?"

ಹುಡುಗಿ ಡಬ್ಬಿ ಬಗ್ಗಿಸಿ ಎರಡರಷ್ಟು ಸುರಿದಳು.
ಬಸ್ಸು ಹೋಯಿತು.
ಕಟ್ಟೆಯ ಮೇಲೆ ಕೂತು, ಖಾರಕ್ಕೆ ಮೂಗು ಸೋರಿಸುತ್ತ,
ಬ್ರಯೋನಿ ಒಂದನ್ನೂ ಬಿಡದೆ ತಿಂದಳು.